ತಲೆಬುರುಡೆ ಪತಂಗವನ್ನು ಗುರುತಿಸುವ ಕ್ರಮ: ಅಕೆರೊಂಟಿಯಾ ಕುಲದ ವರ್ಗೀಕರಣ ಮತ್ತು ದೇಹಲಕ್ಷಣಗಳು

ಬೆನ್ನ ಮೇಲೆ ತಲೆಬುರುಡೆಯ ಚಿತ್ರವನ್ನು ಹೊತ್ತ ದೊಡ್ಡ ಪತಂಗವೊಂದು ರಾತ್ರಿ ದೀಪದ ಬಳಿ ಬಂದು ಕುಳಿತಾಗ, ಅದರ ಹೆಸರನ್ನು ಹೇಳುವುದಕ್ಕೆ ಹೆಚ್ಚು ಶ್ರಮ ಬೇಕಿಲ್ಲವೆಂದು ನೋಡಿದವರಿಗೆ ಅನ್ನಿಸುವುದು ಸಹಜ. ಅಷ್ಟು ಎದ್ದು ಕಾಣುವ ಗುರುತು ಪತಂಗಗಳಲ್ಲಿ ಅಪರೂಪ. ಆದರೆ ಆ ಬುರುಡೆ ನಮಗೆ ತಿಳಿಸುವುದು ಕುಲದ ಹೆಸರನ್ನು ಮಾತ್ರ. ಅಕೆರೊಂಟಿಯಾ ಎಂಬ ಆ ಕುಲದಲ್ಲಿ ಮೂರು ಪ್ರಭೇದಗಳಿವೆ, ಮೂರರ ಬೆನ್ನ ಮೇಲೂ ಬುರುಡೆ ಇದೆ. ಆದ್ದರಿಂದ ಬುರುಡೆಯ ಚಿತ್ರವೊಂದನ್ನೇ ಸೆರೆಹಿಡಿದು ತಂದವರು ಕೊನೆಗೆ ಪ್ರಭೇದದ ಹೆಸರನ್ನು ಬರೆಯಲಾಗದೆ ಕೈಚೆಲ್ಲಬೇಕಾಗುತ್ತದೆ. ಪ್ರಭೇದವನ್ನು ನಿರ್ಧರಿಸುವ ಲಕ್ಷಣಗಳಲ್ಲಿ ಹೆಚ್ಚಿನವು ಬೇರೆ ಕಡೆ ಇವೆ: ಮಡಚಿದ ರೆಕ್ಕೆಯ ಅಡಿಯಲ್ಲಿ, ಹೊಟ್ಟೆಯ ಬೆನ್ನಿನ ಭಾಗದಲ್ಲಿ, ಮುಂದಿನ ರೆಕ್ಕೆಯ ಕೆಳಮೈಯಲ್ಲಿ. ಅವುಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ನೋಡಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಈ ಕೆಲಸಕ್ಕೆ ದುಬಾರಿ ಸಲಕರಣೆಗಳು ಬೇಕಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ, ಹತ್ತಿರದ ಚಿತ್ರ ತೆಗೆಯಬಲ್ಲ ಕ್ಯಾಮೆರಾ ಅಥವಾ ಮೊಬೈಲ್, ತಳವೂ ಮುಚ್ಚಳವೂ ಪಾರದರ್ಶಕವಾಗಿರುವ ಅಗಲವಾದ ಒಂದು ಡಬ್ಬಿ, ಟಿಪ್ಪಣಿ ಪುಸ್ತಕ ಇವಿಷ್ಟಿದ್ದರೆ ಸಾಕು. ಈ ಪೈಕಿ ಪಾರದರ್ಶಕ ಡಬ್ಬಿಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ನನ್ನ ಮಟ್ಟಿಗೆ ಅದು ಕ್ಯಾಮೆರಾದಷ್ಟೇ ಮುಖ್ಯ. ಏಕೆಂದರೆ ಪತಂಗವನ್ನು ಬೆರಳಿನಿಂದ ಮುಟ್ಟದೆ ಅದರ ಕೆಳಮೈಯನ್ನು ನೋಡುವುದಕ್ಕೆ ಅದಕ್ಕಿಂತ ಸುಲಭವಾದ ದಾರಿ ಇನ್ನೊಂದಿಲ್ಲ.

ವರ್ಗೀಕರಣದಲ್ಲಿ ಈ ಕುಲದ ಸ್ಥಾನ

ಚಿಟ್ಟೆಗಳೂ ಪತಂಗಗಳೂ ಸೇರಿದ ಗಣಕ್ಕೆ ಲೆಪಿಡೊಪ್ಟೆರಾ ಎಂದು ಹೆಸರು. ರೆಕ್ಕೆಗಳ ಮೇಲೆ ಹೆಂಚಿನಂತೆ ಒಂದರ ಮೇಲೊಂದು ಜೋಡಿಸಿಕೊಂಡಿರುವ ಸೂಕ್ಷ್ಮ ಹುರುಪೆಗಳು ಈ ಗಣದ ಮುಖ್ಯ ಲಕ್ಷಣ. ಮುಟ್ಟಿದಾಗ ಕೈಗಂಟುವ ಪುಡಿ ಆ ಹುರುಪೆಗಳೇ. ಈ ಗಣದೊಳಗೆ ರೇಷ್ಮೆ ಪತಂಗಗಳೂ ಸೇರಿರುವ ಬಾಂಬಿಕಾಯ್ಡಿಯಾ ಎಂಬ ಮಹಾಕುಟುಂಬವಿದ್ದು, ಹಾಕ್ ಮಾತ್ ಅಥವಾ ಗಿಡುಗ ಪತಂಗಗಳೆಂದು ಕರೆಯುವ ಸ್ಫಿಂಜಿಡೇ ಕುಟುಂಬ ಅದರ ಒಂದು ಭಾಗ. ಜಗತ್ತಿನಾದ್ಯಂತ 1,400ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬವನ್ನು ಉಪಕುಟುಂಬಗಳಾಗಿ ವಿಂಗಡಿಸಲಾಗಿದೆ. ಅವುಗಳಲ್ಲಿ ಸ್ಫಿಂಜಿನೇ ಎಂಬ ಉಪಕುಟುಂಬದೊಳಗೆ ಅಕೆರೊಂಟಿನಿ ಎಂಬ ಪಂಗಡವಿದೆ. ನಮ್ಮ ಕುಲವೇ ಆ ಪಂಗಡಕ್ಕೆ ಹೆಸರು ಕೊಟ್ಟಿದೆ. ಅಗ್ರಿಯಸ್, ಸೀಲೋನಿಯಾ, ಮೆಗಕಾರ್ಮಾ ಮುಂತಾದ ಹತ್ತಿರದ ಬಂಧುಗಳೂ ಅದೇ ಪಂಗಡದಲ್ಲಿವೆ. ಈ ಬಂಧುಗಳ ಹೆಸರನ್ನು ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ಗುರುತಿಸುವಾಗ ತಪ್ಪಾಗುವ ಸಂಭವ ಇವುಗಳೊಂದಿಗೇ ಹೆಚ್ಚು.

ಕುಲದ ಇತಿಹಾಸವನ್ನು ತಿಳಿದುಕೊಂಡರೆ ಹೆಸರುಗಳ ಜೊತೆ ಬರುವ ಇಸವಿ ಮತ್ತು ಆವರಣ ಚಿಹ್ನೆಗಳ ಅರ್ಥ ತಾನಾಗಿ ತಿಳಿಯುತ್ತದೆ. ಲಿನ್ನೇಯಸ್ 1758ರಲ್ಲಿ ಪ್ರಾಣಿಗಳ ಹೆಸರುಗಳನ್ನು ಕ್ರಮಬದ್ಧವಾಗಿ ಪಟ್ಟಿ ಮಾಡಿದಾಗ, ಆಗ ತಿಳಿದಿದ್ದ ಎಲ್ಲ ಗಿಡುಗ ಪತಂಗಗಳನ್ನೂ ಸ್ಫಿಂಕ್ಸ್ ಎಂಬ ಒಂದೇ ಕುಲದಲ್ಲಿ ಇರಿಸಿದ್ದರು. ಬುರುಡೆಯ ಗುರುತಿನ ಯುರೋಪಿನ ಪತಂಗಕ್ಕೆ ಅವರು ಇಟ್ಟ ಹೆಸರು ಸ್ಫಿಂಕ್ಸ್ ಅಟ್ರೊಪೊಸ್. ಫ್ಯಾಬ್ರಿಶಿಯಸ್ 1798ರಲ್ಲಿ ಏಷ್ಯಾದ ದೊಡ್ಡ ಪ್ರಭೇದಕ್ಕೆ ಲಾಕೆಸಿಸ್ ಎಂದು ಹೆಸರಿಟ್ಟರು. ಈ ಪತಂಗಗಳು ಉಳಿದ ಗಿಡುಗ ಪತಂಗಗಳಿಂದ ಬೇರೆಯಾದ ಒಂದು ಗುಂಪೆಂದು ಗುರುತಿಸಿ, 1809ರಲ್ಲಿ ಅಕೆರೊಂಟಿಯಾ ಕುಲವನ್ನು ಸ್ಥಾಪಿಸಿದವರು ಜರ್ಮನಿಯ ಕೀಟತಜ್ಞ ಲಾಸ್ಪೇರೆಸ್. ಮೂರನೆಯದಾದ ಸ್ಟಿಕ್ಸ್ ಪ್ರಭೇದವನ್ನು ವೆಸ್ಟ್‌ವುಡ್ 1847ರಲ್ಲಿ ವರ್ಣಿಸಿದರು. ಲಿನ್ನೇಯಸ್ ಮತ್ತು ಫ್ಯಾಬ್ರಿಶಿಯಸ್ ಬರೆಯುವಾಗ ಅಕೆರೊಂಟಿಯಾ ಕುಲವೇ ಇರಲಿಲ್ಲವಾದ್ದರಿಂದ ಅವರಿಟ್ಟ ಹೆಸರುಗಳು ಬಳಿಕ ಈ ಕುಲಕ್ಕೆ ವರ್ಗಾವಣೆಗೊಂಡವು. ಹೀಗೆ ಕುಲ ಬದಲಾದಾಗ ಮೂಲ ಲೇಖಕರ ಹೆಸರನ್ನೂ ಇಸವಿಯನ್ನೂ ಆವರಣದೊಳಗೆ ಬರೆಯಬೇಕೆಂಬುದು ಪ್ರಾಣಿನಾಮಕರಣದ ನಿಯಮ. ಅಕೆರೊಂಟಿಯಾ ಅಟ್ರೊಪೊಸ್ (ಲಿನ್ನೇಯಸ್, 1758) ಎಂದು ಬರೆಯುವುದು ಈ ಕಾರಣಕ್ಕೆ.

ಹೆಸರುಗಳೆಲ್ಲ ಗ್ರೀಕ್ ಪುರಾಣದಿಂದ ಬಂದವು. ಅಕೆರಾನ್ ಮತ್ತು ಸ್ಟಿಕ್ಸ್ ಸತ್ತವರ ಲೋಕದ ನದಿಗಳು, ನಮ್ಮ ಪುರಾಣದ ವೈತರಣಿಯನ್ನು ನೆನಪಿಗೆ ತರುವಂಥವು. ಲಾಕೆಸಿಸ್ ಮನುಷ್ಯನ ಆಯುಸ್ಸಿನ ನೂಲನ್ನು ಅಳೆಯುವ ದೇವತೆ, ಅಟ್ರೊಪೊಸ್ ಅದನ್ನು ಕತ್ತರಿಸುವವಳು. ಹೀಗೆ ಸಾವಿನ ನೆನಪನ್ನು ಹೊತ್ತ ಹೆಸರುಗಳಿದ್ದರೂ ಈ ಪತಂಗ ಯಾರಿಗೂ ಕೆಡುಕು ಮಾಡುವುದಿಲ್ಲ. ಅದು ಕುಟುಕುವುದಿಲ್ಲ, ಮೈಯಲ್ಲಿ ವಿಷವಿಲ್ಲ. ಹೆದರಿಕೆಯಿಂದ ಅದನ್ನು ಹೊಡೆದು ಕೊಲ್ಲುವವರು ಇನ್ನೂ ಇರುವುದರಿಂದ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಮೊದಲ ಹೆಜ್ಜೆ: ಮುಟ್ಟುವ ಮುನ್ನ ದಾಖಲಿಸುವುದು

ಪತಂಗ ಕಂಡ ಕೂಡಲೇ ಹಿಡಿಯಲು ಹೋಗಬಾರದು. ಅದು ಕುಳಿತಿರುವ ಭಂಗಿಯಲ್ಲಿಯೇ ಮೇಲಿನಿಂದ ಒಂದು ಚಿತ್ರ, ಪಕ್ಕದಿಂದ ಒಂದು ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮತ್ತೊಂದು ಚಿತ್ರ ತೆಗೆದುಕೊಳ್ಳಬೇಕು. ವಿಶ್ರಾಂತಿಯಲ್ಲಿರುವಾಗ ಈ ಪತಂಗ ಮುಂದಿನ ರೆಕ್ಕೆಗಳನ್ನು ಇಳಿಜಾರು ಛಾವಣಿಯಂತೆ ಮೈಮೇಲೆ ಇಳಿಬಿಟ್ಟು, ಹಿಂದಿನ ರೆಕ್ಕೆಗಳನ್ನೂ ಹೊಟ್ಟೆಯ ಹೆಚ್ಚಿನ ಭಾಗವನ್ನೂ ಮುಚ್ಚಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಕಾಣುವುದು ಮರದ ತೊಗಟೆಯನ್ನು ಹೋಲುವ ಕಂದುಗಪ್ಪು ಬಣ್ಣ ಮತ್ತು ಬುರುಡೆ ಮಾತ್ರ. ಒಂದು ಹುಲ್ಲುಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ಅದು ರೆಕ್ಕೆಗಳನ್ನು ಎತ್ತಿ, ಹಳದಿ ಪಟ್ಟೆಗಳ ಹೊಟ್ಟೆಯನ್ನು ತೋರಿಸುತ್ತ ಕೀಚಲು ದನಿ ಹೊರಡಿಸುತ್ತದೆ. ಹಿಂದಿನ ರೆಕ್ಕೆಯ ಚಿತ್ರ ಸಿಗುವುದು ಆ ಕೆಲವು ಕ್ಷಣಗಳಲ್ಲಿ. ಕ್ಯಾಮೆರಾವನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿದ್ದರೆ ಮತ್ತೆ ಮತ್ತೆ ಕೆಣಕುವ ಅಗತ್ಯ ಬೀಳುವುದಿಲ್ಲ.

ಅನಂತರ ಪಾರದರ್ಶಕ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿ, ಅಡಿಯಿಂದ ಗಟ್ಟಿ ಕಾಗದವನ್ನು ತೂರಿಸಿ ಎತ್ತಿಕೊಂಡು, ಮುಚ್ಚಳ ಹಾಕಿ, ಪತಂಗ ಶಾಂತವಾದ ಮೇಲೆ ಕೆಳಗಿನಿಂದ ಚಿತ್ರ ತೆಗೆಯಬೇಕು. ಹಳದಿ ದೀಪದ ಬೆಳಕಿನಲ್ಲಿ ಬಿಳಿ ಚುಕ್ಕಿಯೂ ಕಿತ್ತಳೆಯಾಗಿ ಕಾಣುತ್ತದೆ. ಮುಂದೆ ನಾವು ನೋಡಲಿರುವ ಒಂದು ಮುಖ್ಯ ಲಕ್ಷಣ ಅಂಥ ಬಣ್ಣದ ವ್ಯತ್ಯಾಸವನ್ನೇ ಅವಲಂಬಿಸಿರುವುದರಿಂದ, ಸಾಧ್ಯವಾದರೆ ಬೆಳಗಿನ ಹಗಲು ಬೆಳಕಿನವರೆಗೆ ಕಾಯುವುದು ಮೇಲು. ಆ ತನಕ ಡಬ್ಬಿಯನ್ನು ತಂಪಾದ ನೆರಳಿನಲ್ಲಿಟ್ಟು, ಚಿತ್ರ ತೆಗೆದ ಮೇಲೆ ಸಂಜೆ ಸಿಕ್ಕ ಜಾಗದಲ್ಲಿಯೇ ಬಿಟ್ಟುಬಿಡಬೇಕು.

ಎರಡನೆಯ ಹೆಜ್ಜೆ: ಇದು ಗಿಡುಗ ಪತಂಗವೇ?

ಈ ಹೆಜ್ಜೆ ಸುಲಭ. ಗಿಡುಗ ಪತಂಗಗಳ ದೇಹ ನೂಲಿನ ಕದಿರಿನಂತೆ ನಡುವೆ ದಪ್ಪವಾಗಿ ತುದಿಯತ್ತ ಸಣ್ಣದಾಗುತ್ತದೆ. ಮುಂದಿನ ರೆಕ್ಕೆ ಉದ್ದವಾಗಿ, ಕಿರಿದಾಗಿ, ತುದಿಯಲ್ಲಿ ಚೂಪಾಗಿರುತ್ತದೆ. ಹಿಂದಿನ ರೆಕ್ಕೆ ಅದಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಕುಡಿಮೀಸೆಗಳು ಗರಿಯಂತೆ ಕವಲೊಡೆಯದೆ ದಪ್ಪನೆಯ ದಾರದಂತಿದ್ದು, ತುದಿಯಲ್ಲಿ ಸಣ್ಣ ಕೊಕ್ಕೆಯಾಗಿ ಬಾಗಿರುತ್ತವೆ. ಅಷ್ಟೇ ದೊಡ್ಡದಾದ ಕಾಡು ರೇಷ್ಮೆ ಪತಂಗಗಳಲ್ಲಿ ರೆಕ್ಕೆಗಳು ಅಗಲವಾಗಿರುತ್ತವೆ, ಗಂಡಿನ ಕುಡಿಮೀಸೆಗಳು ಗರಿಯಂತಿರುತ್ತವೆ. ಆದ್ದರಿಂದ ಇವೆರಡರ ನಡುವೆ ಗೊಂದಲವಾಗುವುದು ಕಡಿಮೆ.

ಮೂರನೆಯ ಹೆಜ್ಜೆ: ಕುಲವನ್ನು ಖಚಿತಪಡಿಸಿಕೊಳ್ಳುವುದು

ಬುರುಡೆಯ ಗುರುತು ಎದೆಯ ಬೆನ್ನಿನ ಭಾಗದಲ್ಲಿದೆ. ತಿಳಿ ಹಳದಿ ಬಣ್ಣದ ಹುರುಪೆ ಮತ್ತು ಕೂದಲುಗಳ ನಡುವೆ ಎರಡು ಕಪ್ಪು ಚುಕ್ಕಿಗಳು ಕಣ್ಣಿನ ಕುಳಿಗಳಂತೆ ಕಾಣುವುದರಿಂದ ಆ ಆಕಾರ ಮೂಡುತ್ತದೆ. ಅದು ಹುರುಪೆಗಳಿಂದಲೇ ಆದ ಚಿತ್ರವಾದ್ದರಿಂದ ಅಳಿಸಿಹೋಗಬಲ್ಲದು. ಬಹಳ ದಿನ ಹಾರಾಡಿದ ಅಥವಾ ಇಕ್ಕಟ್ಟಾದ ಸಂದಿಗಳಲ್ಲಿ ನುಗ್ಗಿದ ಪತಂಗಗಳಲ್ಲಿ ಎದೆ ಬೋಳಾಗಿ, ಬುರುಡೆಯ ಕುರುಹೂ ಉಳಿದಿರುವುದಿಲ್ಲ. ಹಾಗೆ ಸವೆದ ಪತಂಗವನ್ನು ನೋಡಿ ಇದು ಬೇರೆ ಯಾವುದೋ ಕುಲವೆಂದು ಬರೆದಿಟ್ಟ ತಪ್ಪನ್ನು ನಾನೂ ಮಾಡಿದ್ದೇನೆ. ಅದಕ್ಕಾಗಿ ಕುಲವನ್ನು ನಿರ್ಧರಿಸುವಾಗ ಬುರುಡೆಗಿಂತ ಗಟ್ಟಿಯಾದ ಆಧಾರವೊಂದನ್ನು ಹುಡುಕಬೇಕು. ಆ ಆಧಾರ ಬಾಯಿಯಲ್ಲಿದೆ.

ಗಿಡುಗ ಪತಂಗಗಳ ಹೀರುಕೊಳವೆ ಸಾಮಾನ್ಯವಾಗಿ ಉದ್ದ. ಹೂವಿನ ಎದುರು ಗಾಳಿಯಲ್ಲಿ ನಿಂತಲ್ಲೇ ತೇಲುತ್ತ, ಆಳವಾದ ಹೂಕೊಳವೆಯೊಳಗೆ ಅದನ್ನು ಇಳಿಬಿಟ್ಟು ಮಕರಂದ ಹೀರುವ ಬದುಕಿಗೆ ಅದು ತಕ್ಕುದಾಗಿದೆ. ಇದೇ ಪಂಗಡದ ಅಗ್ರಿಯಸ್ ಕನ್ವಾಲ್ವುಲಿ ಎಂಬ ಪತಂಗದ ಹೀರುಕೊಳವೆಯನ್ನು ಬಿಡಿಸಿದರೆ ಅದರ ಇಡೀ ದೇಹಕ್ಕಿಂತ ಉದ್ದವಾಗಿರುತ್ತದೆ. ಅಕೆರೊಂಟಿಯಾದಲ್ಲಾದರೋ ಹೀರುಕೊಳವೆ ಮೋಟು. ತಲೆ ಮತ್ತು ಎದೆ ಸೇರಿದ ಉದ್ದಕ್ಕಿಂತಲೂ ಕಡಿಮೆಯಿದ್ದು, ದಪ್ಪವಾಗಿ, ಗಟ್ಟಿಯಾಗಿ, ತುದಿಯಲ್ಲಿ ಮೊನಚಾಗಿರುತ್ತದೆ. ಆಳವಾದ ಹೂವುಗಳಿಗೆ ಅದು ನಿಲುಕದು. ಈ ಪತಂಗ ರಾತ್ರಿ ಹೊತ್ತು ಜೇನುಗೂಡಿನೊಳಗೆ ನುಗ್ಗಿ, ಮೇಣದ ಮುಚ್ಚಳವನ್ನು ಚುಚ್ಚಿ ಜೇನನ್ನು ಹೀರುತ್ತದೆ. ಮರದಿಂದ ಸೋರುವ ರಸವನ್ನೂ ಕುಡಿಯುತ್ತದೆ. ಆದ್ದರಿಂದ ಬುರುಡೆ ಸವೆದುಹೋದ ಪತಂಗ ಕೈಗೆ ಸಿಕ್ಕಾಗ ತಲೆಯ ಕೆಳಭಾಗವನ್ನು ಮಸೂರದಿಂದ ನೋಡಿ. ಸುರುಳಿ ಸುತ್ತಿದ ತೆಳುವಾದ ಉದ್ದನೆಯ ಕೊಳವೆ ಕಂಡರೆ ಅದು ಅಕೆರೊಂಟಿಯಾ ಅಲ್ಲ. ಮೋಟಾದ ಗಟ್ಟಿ ಚೂರಿಯಂಥ ಕೊಳವೆ ಕಂಡು, ಹೊಟ್ಟೆಯ ಮೇಲೆ ಹಳದಿ ಮತ್ತು ಕಪ್ಪು ಪಟ್ಟೆಗಳ ನಡುವೆ ನೀಲಿಬೂದು ಬಣ್ಣದ ಉದ್ದಗೆರೆಯೂ ಇದ್ದರೆ ಕುಲದ ವಿಷಯದಲ್ಲಿ ಸಂದೇಹಪಡಬೇಕಾಗಿಲ್ಲ.

ಜೇನುಗೂಡಿಗೆ ನುಗ್ಗುವ ಈ ಸ್ವಭಾವ ಇನ್ನೂ ಎರಡು ದೇಹಲಕ್ಷಣಗಳೊಂದಿಗೆ ಹೆಣೆದುಕೊಂಡಿದೆ. ಒಂದು ಅದರ ಮೈಯ ವಾಸನೆ. ಅಟ್ರೊಪೊಸ್ ಪತಂಗದ ಮೈಮೇಲಿರುವ ಕೊಬ್ಬಿನಾಮ್ಲಗಳನ್ನು 1991ರಲ್ಲಿ ವಿಶ್ಲೇಷಿಸಿದಾಗ, ಪಾಮಿಟಿಕ್, ಪಾಮಿಟೋಲಿಕ್, ಸ್ಟಿಯರಿಕ್ ಮತ್ತು ಓಲಿಕ್ ಎಂಬ ನಾಲ್ಕು ಆಮ್ಲಗಳು ಜೇನುನೊಣದ ಮೈಮೇಲಿರುವ ಪ್ರಮಾಣಕ್ಕೆ ಹತ್ತಿರದ ಪ್ರಮಾಣದಲ್ಲಿಯೇ ಇರುವುದು ಕಂಡುಬಂತು. ಕತ್ತಲೆಯ ಗೂಡಿನಲ್ಲಿ ವಾಸನೆಯಿಂದಲೇ ತಮ್ಮವರನ್ನು ಗುರುತಿಸುವ ನೊಣಗಳಿಗೆ ಈ ಕಳ್ಳ ಹೊರಗಿನವನಂತೆ ತೋರುವುದಿಲ್ಲ.

ಇನ್ನೊಂದು ಅದರ ದನಿ. ಕೀಟಗಳ ಸದ್ದು ಸಾಮಾನ್ಯವಾಗಿ ಗಟ್ಟಿ ಭಾಗಗಳನ್ನು ಒಂದಕ್ಕೊಂದು ಉಜ್ಜುವುದರಿಂದ ಅಥವಾ ಪೊರೆಯೊಂದನ್ನು ಕಂಪಿಸುವುದರಿಂದ ಹುಟ್ಟುತ್ತದೆ. ಅಕೆರೊಂಟಿಯಾ ಮಾತ್ರ ಗಾಳಿಯನ್ನು ಒಳಗೆಳೆದು ಹೊರಗೂದಿ ಸದ್ದು ಮಾಡುತ್ತದೆ. ಗಂಟಲಿನ ಕುಹರವನ್ನು ಸ್ನಾಯುಗಳು ಹಿಗ್ಗಿಸಿದಾಗ ಹೀರುಕೊಳವೆಯ ಮೂಲಕ ಗಾಳಿ ಒಳನುಗ್ಗಿ, ಬಾಯಿಯ ಒಳಬದಿಯಲ್ಲಿರುವ ನಾಲಗೆಯಂಥ ಮಡಿಕೆಯೊಂದನ್ನು ಬಡಬಡನೆ ಕಂಪಿಸುತ್ತದೆ. ಆಗ ಒಂದರ ಹಿಂದೊಂದರಂತೆ ಬೇಗ ಬೇಗ ಸಣ್ಣ ಮಿಡಿತಗಳು ಹೊರಡುತ್ತವೆ. ಮರುಕ್ಷಣ ಕುಹರ ಕುಗ್ಗಿದಾಗ ಗಾಳಿ ಹೊರಬಂದು ಸೀಟಿಯಂಥ ಸದ್ದಾಗುತ್ತದೆ. ಇವೆರಡೂ ಕ್ಷಣಮಾತ್ರದಲ್ಲಿ ನಡೆಯುವುದರಿಂದ ನಮ್ಮ ಕಿವಿಗೆ ಇಲಿಯ ಕೀಚಲಿನಂತೆ ಒಂದೇ ಸದ್ದಾಗಿ ಕೇಳುತ್ತದೆ. ಮೂರು ಪ್ರಭೇದಗಳೂ ಹೀಗೆ ಕೀಚುತ್ತವೆ. ಆದಕಾರಣ ಬದುಕಿರುವ ಪತಂಗದ ಮಟ್ಟಿಗೆ ಈ ದನಿ ಕುಲದ ಗುರುತಾಗಿ ನಂಬಲರ್ಹ. ಮೊಬೈಲಿನಲ್ಲಿ ಅದನ್ನು ಧ್ವನಿಮುದ್ರಿಸಿಕೊಂಡರೆ ದಾಖಲೆಗೆ ಬೆಲೆ ಹೆಚ್ಚುತ್ತದೆ. ಈ ಪಂಗಡದ ಪತಂಗಗಳಿಗೆ ಕೇಳಿಸುವುದೂ ಬಾಯಿಯ ಅಂಗಗಳಿಂದಲೇ ಎಂಬುದು ಇನ್ನೊಂದು ಸೋಜಿಗ. ತುಟಿಯ ಬಳಿಯ ಭಾಗಗಳು ಬಾವಲಿಗಳ ಶ್ರವಣಾತೀತ ಸದ್ದನ್ನು ಗ್ರಹಿಸುವಂತೆ ಮಾರ್ಪಟ್ಟಿವೆ. ಆದರೆ ಅದನ್ನು ಹೊರಗಿನಿಂದ ಮಸೂರದಲ್ಲಿ ನೋಡಿ ತೀರ್ಮಾನಿಸುವುದು ಕಷ್ಟವಾದ್ದರಿಂದ ಗುರುತಿಸುವ ಕೆಲಸಕ್ಕೆ ಅದು ಒದಗುವುದಿಲ್ಲ.

ಹೋಲುವ ಬಂಧುಗಳ ವಿಷಯಕ್ಕೆ ಬಂದರೆ, ಅಗ್ರಿಯಸ್ ಕನ್ವಾಲ್ವುಲಿಯ ಮೈಬಣ್ಣ ಬೂದು, ಹೊಟ್ಟೆಯ ಎರಡೂ ಬದಿಗೆ ನಸುಗೆಂಪು ಮತ್ತು ಕಪ್ಪು ಪಟ್ಟೆಗಳು, ಹಿಂದಿನ ರೆಕ್ಕೆಯಲ್ಲಿ ಹಳದಿ ಇಲ್ಲ. ಆಫ್ರಿಕಾದ ಸೀಲೋನಿಯಾದಲ್ಲಿ ಹಿಂದಿನ ರೆಕ್ಕೆಯ ಮೇಲೆ ಹಳದಿ ಇರುವುದರಿಂದ ಹೋಲಿಕೆ ಹೆಚ್ಚು. ಆದರೆ ಬುರುಡೆ ಇಲ್ಲ, ಹೀರುಕೊಳವೆ ಉದ್ದ.

ನಾಲ್ಕನೆಯ ಹೆಜ್ಜೆ: ಮೂರರಲ್ಲಿ ಯಾವುದು?

ಇಲ್ಲಿ ಅವಸರ ಸಲ್ಲದು. ಮೊದಲು ಹಿಂದಿನ ರೆಕ್ಕೆಯ ಬುಡವನ್ನು ನೋಡಬೇಕು. ಅಟ್ರೊಪೊಸ್ ಮತ್ತು ಸ್ಟಿಕ್ಸ್ ಎರಡರಲ್ಲೂ ಹಿಂದಿನ ರೆಕ್ಕೆಯ ಬುಡ ಹಳದಿಯಾಗಿದ್ದು, ಹೊರ ಅಂಚಿನತ್ತ ಎರಡು ಕಪ್ಪು ಅಥವಾ ಕಡುಗಂದು ಪಟ್ಟೆಗಳು ಅಲೆಯಂತೆ ಹಾದುಹೋಗುತ್ತವೆ. ಲಾಕೆಸಿಸ್‌ನಲ್ಲಿ ಬುಡದಲ್ಲಿಯೇ ದೊಡ್ಡ ಕಪ್ಪು ಮಚ್ಚೆಯಿದ್ದು ಹಳದಿ ಬಹಳ ಕಡಿಮೆಯಾಗಿರುತ್ತದೆ. ಅದರ ಹೊಟ್ಟೆಯ ಬೆನ್ನಭಾಗವೂ ಹೆಚ್ಚು ಕಪ್ಪು, ಹಳದಿ ಬದಿಗಳಿಗೆ ಸರಿದು ಚಿಕ್ಕದಾಗಿರುತ್ತದೆ. ಈ ಒಂದು ಲಕ್ಷಣದಿಂದ ಲಾಕೆಸಿಸ್ ಬೇರೆಯಾಗಿಬಿಡುತ್ತದೆ. ಮೂರರಲ್ಲಿ ದೊಡ್ಡದೂ ಅದೇ, ರೆಕ್ಕೆ ಹರಡಿದಾಗ 100ರಿಂದ 132 ಮಿಲಿಮೀಟರ್ ಅಗಲ.

ಉಳಿದ ಎರಡನ್ನು ಬೇರ್ಪಡಿಸುವುದು ನಿಜವಾದ ಪರೀಕ್ಷೆ. ಅದಕ್ಕೆ ನಾಲ್ಕು ಕಡೆ ನೋಡಬೇಕು, ನಾಲ್ಕೂ ಒಂದೇ ಮಾತನ್ನು ಹೇಳುತ್ತಿವೆಯೇ ಎಂದು ತಾಳೆ ನೋಡಬೇಕು. ನನ್ನ ಅನುಭವದಲ್ಲಿ ಅತ್ಯಂತ ಭರವಸೆಯ ಲಕ್ಷಣ ಮುಂದಿನ ರೆಕ್ಕೆಯ ಕೆಳಮೈಯಲ್ಲಿದೆ. ಹಳದಿಯಾದ ಆ ಕೆಳಮೈಯ ನಡುಭಾಗದಲ್ಲಿ ಅಡ್ಡಲಾಗಿ ಹಾದುಹೋಗುವ ಪಟ್ಟೆ ಅಟ್ರೊಪೊಸ್‌ನಲ್ಲಿ ಒಂದು, ಸ್ಟಿಕ್ಸ್‌ನಲ್ಲಿ ಎರಡು. ಪಾರದರ್ಶಕ ಡಬ್ಬಿಯ ತಳದಿಂದ ತೆಗೆದ ಚಿತ್ರ ಉಪಯೋಗಕ್ಕೆ ಬರುವುದು ಇಲ್ಲಿಯೇ. ಎರಡನೆಯದು ಮುಂದಿನ ರೆಕ್ಕೆಯ ಮೇಲ್ಭಾಗದ ನಡುವಿನಲ್ಲಿರುವ ಸಣ್ಣ ಚುಕ್ಕಿ: ಅಟ್ರೊಪೊಸ್‌ನಲ್ಲಿ ಅದು ಕೆನೆಬಿಳಿ, ಸ್ಟಿಕ್ಸ್‌ನಲ್ಲಿ ಕಿತ್ತಳೆ. ಮೂರನೆಯದಾಗಿ, ಸ್ಟಿಕ್ಸ್‌ನ ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ, ಹೊರಗಿನ ಕಪ್ಪು ಪಟ್ಟೆಯ ನಡುವೆ ಸಿಲುಕಿದಂತೆ ಮಸುಕಾದ ನೀಲಿ ಚುಕ್ಕಿಯೊಂದು ಸಾಮಾನ್ಯವಾಗಿ ಕಾಣುತ್ತದೆ. ಸಾಮಾನ್ಯವಾಗಿ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ಆ ಚುಕ್ಕಿ ಇಲ್ಲವೆಂದ ಮಾತ್ರಕ್ಕೆ ಅದು ಸ್ಟಿಕ್ಸ್ ಅಲ್ಲವೆಂದು ಹೇಳಲಾಗದು. ನಾಲ್ಕನೆಯದು ಬುರುಡೆ: ಸ್ಟಿಕ್ಸ್‌ನಲ್ಲಿ ಅದು ಹೆಚ್ಚು ಕಪ್ಪಾಗಿರುತ್ತದೆ. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಮಾತ್ರ ಈ ವ್ಯತ್ಯಾಸ ಅರ್ಥವಾಗುವುದರಿಂದ, ಒಂದೇ ಪತಂಗವನ್ನು ಕಂಡವರು ಇದನ್ನು ನೆಚ್ಚಬಾರದು.

ಗಾತ್ರದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅಟ್ರೊಪೊಸ್‌ನ ರೆಕ್ಕೆಯ ಹರವು 90ರಿಂದ 130 ಮಿಲಿಮೀಟರ್, ಸ್ಟಿಕ್ಸ್‌ನದು 80ರಿಂದ 120 ಮಿಲಿಮೀಟರ್. ಈ ಅಂಕಿಗಳು ಲಾಕೆಸಿಸ್‌ನ ಅಂಕಿಗಳೊಂದಿಗೂ ಪರಸ್ಪರವೂ ಬಹುಮಟ್ಟಿಗೆ ಒಂದರ ಮೇಲೊಂದು ಬೀಳುತ್ತವೆ. ಮರಿಹುಳುವಾಗಿದ್ದಾಗ ಸಿಕ್ಕ ಆಹಾರಕ್ಕೆ ತಕ್ಕಂತೆ ಪತಂಗದ ಗಾತ್ರ ಬದಲಾಗುತ್ತದೆ, ಹೆಣ್ಣು ಗಂಡಿಗಿಂತ ದೊಡ್ಡದಿರುತ್ತದೆ. ಹೀಗಾಗಿ 105 ಮಿಲಿಮೀಟರಿನ ಪತಂಗವೊಂದು ಮೂರರಲ್ಲಿ ಯಾವುದೂ ಆಗಿರಬಹುದು. ಅಲ್ಲದೆ ಬದುಕಿರುವ ಪತಂಗದಲ್ಲಿ ರೆಕ್ಕೆಯ ಹರವು ಅದು ರೆಕ್ಕೆಯನ್ನು ಎಷ್ಟು ಬಿಡಿಸಿದೆ ಎಂಬುದರ ಮೇಲೆ ನಿಂತಿರುತ್ತದೆ. ಅದರ ಬದಲು ಮುಂದಿನ ರೆಕ್ಕೆಯ ಬುಡದಿಂದ ತುದಿಯವರೆಗಿನ ಉದ್ದವನ್ನು ಅಳೆದು ಬರೆದರೆ, ಬೇರೆಯವರ ಅಳತೆಗಳೊಂದಿಗೆ ಹೋಲಿಸಲು ಬರುತ್ತದೆ.

ಸಿಕ್ಕಿದ ಪ್ರದೇಶ ಸಹಾಯಕ ಸಾಕ್ಷಿ. ಅಟ್ರೊಪೊಸ್ ಆಫ್ರಿಕಾ, ದಕ್ಷಿಣ ಯುರೋಪ್ ಮತ್ತು ಪಶ್ಚಿಮ ಏಷ್ಯಾದ ಪತಂಗ. ಬೇಸಿಗೆಯಲ್ಲಿ ಉತ್ತರ ಯುರೋಪಿನತ್ತ ವಲಸೆ ಹೋಗುತ್ತದೆ. ಲಾಕೆಸಿಸ್ ದಕ್ಷಿಣ ಏಷ್ಯಾದಿಂದ ಆಗ್ನೇಯ ಏಷ್ಯಾದವರೆಗೆ ಹರಡಿದೆ. ಸ್ಟಿಕ್ಸ್ ಪಶ್ಚಿಮ ಏಷ್ಯಾದಿಂದ ಭಾರತ, ಚೀನಾಗಳನ್ನು ದಾಟಿ ಜಪಾನಿನವರೆಗೆ ಇದೆ. ಅಂದರೆ ಪಶ್ಚಿಮ ಏಷ್ಯಾದಲ್ಲಿ ಅಟ್ರೊಪೊಸ್ ಮತ್ತು ಸ್ಟಿಕ್ಸ್ ಎದುರಾಗಬಹುದು, ಭಾರತದಲ್ಲಿ ಮತ್ತು ಅದರ ಪೂರ್ವಕ್ಕೆ ಸ್ಟಿಕ್ಸ್ ಮತ್ತು ಲಾಕೆಸಿಸ್ ಒಟ್ಟಿಗೆ ಸಿಗಬಹುದು. ಬಲವಾಗಿ ಹಾರುವ ಈ ಪತಂಗಗಳು ದೂರ ಪ್ರಯಾಣ ಮಾಡುವಂಥವು. ಆದ್ದರಿಂದ ನಕ್ಷೆಯನ್ನು ಮೊದಲು ನೋಡಿ ಹೆಸರನ್ನು ನಿರ್ಧರಿಸಿ, ಬಳಿಕ ಲಕ್ಷಣಗಳನ್ನು ಆ ಹೆಸರಿಗೆ ಹೊಂದಿಸಿಕೊಳ್ಳುವ ಅಭ್ಯಾಸ ಒಳ್ಳೆಯದಲ್ಲ. ಮೊದಲು ದೇಹವನ್ನು ನೋಡಿ, ಆಮೇಲೆ ನಕ್ಷೆಯನ್ನು ನೋಡಿ. ಎರಡೂ ಹೊಂದದಿದ್ದರೆ ಚಿತ್ರಗಳನ್ನು ಮತ್ತೊಮ್ಮೆ ಪರಿಶೀಲಿಸಿ.

ಗಂಡು ಯಾವುದು, ಹೆಣ್ಣು ಯಾವುದು

ಗಂಡಿನ ಹೊಟ್ಟೆ ತುದಿಯತ್ತ ಚೂಪಾಗುತ್ತದೆ, ಹೆಣ್ಣಿನದು ದಪ್ಪಗಿದ್ದು ತುದಿಯಲ್ಲಿ ದುಂಡಾಗಿರುತ್ತದೆ. ಸತ್ತ ಮಾದರಿ ಕೈಗೆ ಸಿಕ್ಕಿದ್ದರೆ ಇನ್ನೂ ಖಚಿತವಾದ ದಾರಿಯಿದೆ. ಹಾರುವಾಗ ಹಿಂದಿನ ರೆಕ್ಕೆಯನ್ನು ಮುಂದಿನದಕ್ಕೆ ಸಿಕ್ಕಿಸಿಕೊಳ್ಳಲು ಹಿಂದಿನ ರೆಕ್ಕೆಯ ಬುಡದಲ್ಲಿ ಬಿರುಗೂದಲು ಇರುತ್ತದೆ. ಗಂಡಿನಲ್ಲಿ ಅದು ದಪ್ಪನೆಯ ಒಂದೇ ಮುಳ್ಳು, ಹೆಣ್ಣಿನಲ್ಲಿ ಹಲವು ತೆಳುವಾದ ಎಳೆಗಳ ಕಟ್ಟು. ಹತ್ತು ಪಟ್ಟಿನ ಮಸೂರದಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಐದನೆಯ ಹೆಜ್ಜೆ: ಮರಿಹುಳು ಮತ್ತು ಕೋಶ ಸಿಕ್ಕಿದಾಗ

ಎಷ್ಟೋ ವೇಳೆ ಪತಂಗಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಮರಿಹುಳು. ಪೂರ್ಣ ಬೆಳೆದ ಮರಿಹುಳು 120 ಮಿಲಿಮೀಟರಿನಷ್ಟು ಉದ್ದ, ಕೈಬೆರಳಿನಷ್ಟು ದಪ್ಪ ಇರುತ್ತದೆ. ಆಲೂಗಡ್ಡೆ, ಬದನೆ, ಉಮ್ಮತ್ತಿಗಳಂಥ ಬದನೆ ಕುಟುಂಬದ ಗಿಡಗಳು ಅದಕ್ಕೆ ಅಚ್ಚುಮೆಚ್ಚು. ಮಲ್ಲಿಗೆಯ ಜಾತಿಯ ಬಳ್ಳಿಗಳ ಮೇಲೆಯೂ ಅವರೆಯ ಬಳಗದ ಗಿಡಗಳ ಮೇಲೆಯೂ ಸಿಗುತ್ತದೆ. ಸ್ಟಿಕ್ಸ್ ಎಳ್ಳಿನ ಬೆಳೆಯ ಪೀಡೆಯೆಂದೂ ಹೆಸರಾಗಿದೆ. ಹಸಿರು, ಹಳದಿ, ಕಂದು ಎಂಬ ಮೂರು ಬಣ್ಣಗಳಲ್ಲಿ ಮರಿಹುಳುಗಳಿರುತ್ತವೆ. ಒಂದೇ ಪ್ರಭೇದದಲ್ಲಿ ಮೂರೂ ಬಣ್ಣಗಳು ಕಾಣುವುದರಿಂದ, ಬಣ್ಣವನ್ನು ನೋಡಿ ಪ್ರಭೇದವನ್ನು ಹೇಳಲು ಹೊರಡುವುದು ವ್ಯರ್ಥ. ಹಸಿರು ಮತ್ತು ಹಳದಿ ಬಗೆಗಳಲ್ಲಿ ಮೈಯ ಎರಡೂ ಬದಿಗೆ ಏಳೇಳು ಓರೆ ಪಟ್ಟೆಗಳಿರುತ್ತವೆ. ಕಂದು ಬಗೆಯಲ್ಲಿ ಆ ಪಟ್ಟೆಗಳು ಅಸ್ಪಷ್ಟವಾಗಿದ್ದು, ತಲೆಯ ಹಿಂದಿನ ಎದೆಭಾಗ ಬಿಳಿಚಿಕೊಂಡಿರುತ್ತದೆ.

ನೋಡಬೇಕಾದದ್ದು ಹಿಂಬದಿಯ ಕೊಂಬು. ಗಿಡುಗ ಪತಂಗಗಳ ಮರಿಹುಳುಗಳಲ್ಲಿ ಹೊಟ್ಟೆಯ ಎಂಟನೆಯ ಖಂಡದ ಮೇಲೆ ಇಂಥ ಕೊಂಬು ಇರುವುದು ರೂಢಿ. ಅಕೆರೊಂಟಿಯಾದಲ್ಲಿ ಅದರ ಮೇಲೆಲ್ಲ ಹರಳು ಅಂಟಿಸಿದಂತೆ ಒರಟಾದ ಗಂಟುಗಳಿರುತ್ತವೆ. ಅಟ್ರೊಪೊಸ್‌ನಲ್ಲಿ ಕೊಂಬು ಕೆಳಕ್ಕೆ ಬಾಗಿ ತುದಿಯಲ್ಲಿ ಮತ್ತೆ ಮೇಲಕ್ಕೆ ತಿರುಗಿರುತ್ತದೆ. ಅಗ್ರಿಯಸ್‌ನ ಕೊಂಬು ನುಣುಪು. ಕೆಣಕಿದಾಗ ಅಟ್ರೊಪೊಸ್ ಮರಿಹುಳು ದವಡೆಗಳನ್ನು ಬಡಿದು ಕಟಕಟ ಸದ್ದು ಮಾಡುವುದೂ ಉಂಟು.

ಬೆಳೆದ ಮರಿಹುಳು ಗಿಡದಿಂದಿಳಿದು ಮಣ್ಣಿನೊಳಗೆ ಹೋಗಿ, ಗೂಡಿನಂಥ ಕೋಣೆ ಮಾಡಿಕೊಂಡು ಅಲ್ಲಿ ಕೋಶವಾಗುತ್ತದೆ. ಹೊಲ ಉಳುವಾಗ, ಗಿಡದ ಬುಡ ಅಗೆಯುವಾಗ ನಯವಾದ ಕೆಂಗಂದು ಬಣ್ಣದ ದೊಡ್ಡ ಕೋಶ ಸಿಕ್ಕರೆ ಅದರ ತಲೆಯ ಭಾಗವನ್ನು ಗಮನಿಸಿ. ಅಗ್ರಿಯಸ್‌ನ ಉದ್ದನೆಯ ಹೀರುಕೊಳವೆಗೆ ಜಾಗ ಸಾಲದೆ, ಅದರ ಕೋಶದ ಮುಂದೆ ಹೂಜಿಯ ಹಿಡಿಯಂತೆ ಬಾಗಿದ ಪ್ರತ್ಯೇಕ ಒರೆಯೊಂದು ಹೊರಚಾಚಿರುತ್ತದೆ. ಮೋಟು ಕೊಳವೆಯ ಅಕೆರೊಂಟಿಯಾಕ್ಕೆ ಅಂಥ ಹಿಡಿ ಬೇಕಿಲ್ಲ, ಅದರ ಕೋಶದಲ್ಲಿ ಅದು ಇರುವುದೂ ಇಲ್ಲ. ಪತಂಗದ ಬಾಯಿಯಲ್ಲಿ ಕಂಡ ವ್ಯತ್ಯಾಸವೇ ಕೋಶದ ಹೊರಮೈಯಲ್ಲೂ ಮೂಡಿರುವುದನ್ನು ಮೊದಲ ಸಲ ಕಂಡಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ. ಕೋಶವನ್ನು ತೇವದ ಮಣ್ಣಿನಲ್ಲಿ ಸಡಿಲವಾಗಿ ಮುಚ್ಚಿ, ಹೊರಬರುವ ಪತಂಗ ಹತ್ತಿ ನೇತಾಡಿ ರೆಕ್ಕೆ ಬಿಡಿಸಿಕೊಳ್ಳಲು ಒರಟಾದ ಒಂದು ಕಡ್ಡಿಯನ್ನು ನೆಟ್ಟಿಟ್ಟರೆ, ಒಂದು ಹುರುಪೆಯೂ ಉದುರದ ಪತಂಗವನ್ನು ನೋಡಬಹುದು. ಪ್ರಭೇದವನ್ನು ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಕೊನೆಯ ಹೆಜ್ಜೆ: ಹೆಸರನ್ನು ಬರೆಯುವುದು

ವೈಜ್ಞಾನಿಕ ಹೆಸರಿನ ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ರೋಮನ್ ಲಿಪಿಯಲ್ಲಿ ಕುಲದ ಹೆಸರನ್ನು ದೊಡ್ಡಕ್ಷರದಿಂದಲೂ ಪ್ರಭೇದದ ಹೆಸರನ್ನು ಸಣ್ಣಕ್ಷರದಿಂದಲೂ ಆರಂಭಿಸಿ ಎರಡನ್ನೂ ಓರೆ ಅಕ್ಷರಗಳಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ದೊಡ್ಡ ಸಣ್ಣ ಅಕ್ಷರಗಳ ಭೇದವಿಲ್ಲದಿರುವುದರಿಂದ, ಎರಡೂ ಪದಗಳನ್ನು ಪೂರ್ತಿಯಾಗಿ ಬರೆಯುವುದು ಗೊಂದಲ ತಪ್ಪಿಸುತ್ತದೆ. ಹೆಸರಿನ ಜೊತೆಗೆ ದಿನಾಂಕ, ಸಮಯ, ಸ್ಥಳ, ಮುಂದಿನ ರೆಕ್ಕೆಯ ಉದ್ದ, ಗಂಡೋ ಹೆಣ್ಣೋ ಎಂಬುದು, ದೀಪಕ್ಕೆ ಬಂದದ್ದೋ ಗಿಡದ ಮೇಲೆ ಸಿಕ್ಕಿದ್ದೋ ಎಂಬುದು ಇವೆಲ್ಲ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಲಕ್ಷಣವನ್ನು ನೋಡಿ ಆ ಹೆಸರಿಗೆ ಬಂದಿರಿ ಎಂಬುದನ್ನು ಬರೆಯಬೇಕು. "ಮುಂದಿನ ರೆಕ್ಕೆಯ ಕೆಳಮೈಯಲ್ಲಿ ಎರಡು ಪಟ್ಟೆಗಳು, ಮೇಲಿನ ಚುಕ್ಕಿ ಕಿತ್ತಳೆ, ಆದ್ದರಿಂದ ಅಕೆರೊಂಟಿಯಾ ಸ್ಟಿಕ್ಸ್" ಎಂಬ ಒಂದು ಸಾಲು ಜೊತೆಗಿದ್ದರೆ, ಹತ್ತು ವರ್ಷಗಳ ಬಳಿಕ ಆ ಪುಟವನ್ನು ತೆರೆದವರೂ ನಿಮ್ಮ ತೀರ್ಮಾನವನ್ನು ಪರಿಶೀಲಿಸಬಹುದು.

ಲಕ್ಷಣಗಳು ಒಂದಕ್ಕೊಂದು ಹೊಂದದಿದ್ದಾಗ ಅಥವಾ ರೆಕ್ಕೆಗಳು ಸಂಪೂರ್ಣ ಸವೆದುಹೋಗಿದ್ದಾಗ, ಸತ್ತ ಮಾದರಿಯ ಜನನಾಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ದಾರಿಯಿದೆ. ಕಾಲಿನ ಒಂದು ತುಣುಕಿನಿಂದ ಡಿಎನ್ಎ ತೆಗೆದು, ಸೈಟೊಕ್ರೋಮ್ ಆಕ್ಸಿಡೇಸ್ ಜೀನಿನ 658 ಅಕ್ಷರಗಳ ತುಂಡನ್ನು ಓದಿ ಹೋಲಿಸುವ ಬಾರ್‌ಕೋಡ್ ವಿಧಾನವೂ ಇದೆ. ಇವೆರಡೂ ಪ್ರಯೋಗಾಲಯದ ಕೆಲಸಗಳು. ಅಂಥ ಅನುಕೂಲವಿಲ್ಲದಿದ್ದರೆ ಅಕೆರೊಂಟಿಯಾ ಎಂದು ಕುಲದ ಹೆಸರನ್ನಷ್ಟೇ ಬರೆದು, ಪ್ರಭೇದದ ಜಾಗವನ್ನು ಖಾಲಿ ಬಿಟ್ಟು, ಚಿತ್ರಗಳನ್ನು ಜೋಪಾನವಾಗಿಡಬೇಕು. ಹಾಗೆ ಖಾಲಿ ಬಿಟ್ಟ ಜಾಗಗಳು ನನ್ನ ಪುಸ್ತಕದಲ್ಲಿಯೂ ಇವೆ. ಅವುಗಳಲ್ಲಿ ಕೆಲವನ್ನು, ಕೆಳಮೈಯ ಚಿತ್ರ ಇದ್ದುದರಿಂದ ಮಾತ್ರ, ವರ್ಷಗಳ ನಂತರ ತುಂಬಲು ಸಾಧ್ಯವಾಯಿತು.